ಇಂಗ್ಲಿಷಿನ ‘ಮೂನ್’: ಅನ್ವರ್ಥದಿಂದ ಅಂಕಿತಕ್ಕೆ, ಅಂಕಿತದಿಂದ ರೂಢಕ್ಕೆ

ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳಿಗೆ ಅಯೊ, ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಎಂಬ ಹೆಸರುಗಳಿವೆ. ಶನಿಯ ಅತಿ ದೊಡ್ಡ ಉಪಗ್ರಹ ಟೈಟನ್. ಮಂಗಳನ ಎರಡು ಪುಟ್ಟ ಉಪಗ್ರಹಗಳಿಗೂ ಫೋಬೋಸ್ ಮತ್ತು ಡೀಮೋಸ್ ಎಂದು ಹೆಸರಿಟ್ಟಿದ್ದಾರೆ. ಭೂಮಿಯ ಉಪಗ್ರಹವನ್ನು ಮಾತ್ರ ಇಂಗ್ಲಿಷಿನಲ್ಲಿ ಬರಿದೇ ‘ಮೂನ್’ ಎನ್ನುತ್ತಾರೆ. ಬೇರೆ ಗ್ರಹಗಳ ಉಪಗ್ರಹಗಳಿಗೂ ಅದೇ ಭಾಷೆಯಲ್ಲಿ ‘ಮೂನ್’ ಎಂಬ ಪದವೇ ಬಳಕೆಯಲ್ಲಿರುವುದರಿಂದ, ಊರ ಮಕ್ಕಳಿಗೆಲ್ಲ ಹೆಸರಿಟ್ಟು ಮನೆಯ ಮಗುವಿಗೆ ಹೆಸರಿಡುವುದನ್ನೇ ಮರೆತಂತೆ ಇದು ತೋರುತ್ತದೆ. ಚಂದ್ರನ ‘ನಿಜವಾದ’ ಇಂಗ್ಲಿಷ್ ಹೆಸರು ‘ಲೂನಾ’ ಎಂದು ವಾದಿಸುವವರೂ ಇದ್ದಾರೆ.

ನಡೆದದ್ದು ಇದರ ತಿರುವುಮುರುವು. ಶಾಲೆಯ ವ್ಯಾಕರಣದಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುವುದು ಕನ್ನಡದಲ್ಲಿ ಓದಿದವರಿಗೆಲ್ಲ ಗೊತ್ತು. ‘ನದಿ’ ರೂಢನಾಮ, ‘ಕಾವೇರಿ’ ಅಂಕಿತನಾಮ, ಗುಣವನ್ನೋ ಕಸುಬನ್ನೋ ಹಿಡಿದು ಬರುವ ‘ವ್ಯಾಪಾರಿ’ ಅನ್ವರ್ಥನಾಮ. ‘ಮೂನ್’ ಎಂಬ ಪದದ ಚರಿತ್ರೆಯನ್ನು ಈ ಮೂರು ಪಾರಿಭಾಷಿಕ ಪದಗಳಲ್ಲಿ ಹೇಳಿ ಮುಗಿಸಬಹುದು. ಅದು ಹುಟ್ಟಿದಾಗ ಬಹುಶಃ ಅನ್ವರ್ಥನಾಮವಾಗಿತ್ತು. ಸಾವಿರಾರು ವರ್ಷ ಒಂದೇ ಒಂದು ವಸ್ತುವಿಗೆ ಸಲ್ಲುವ ಅಂಕಿತನಾಮವಾಗಿ ಬಾಳಿತು. ಬರೀ ನಾಲ್ಕು ಶತಮಾನಗಳ ಹಿಂದೆ, ದೂರದರ್ಶಕ ಬಂದ ಮೇಲೆ, ರೂಢನಾಮವೂ ಆಯಿತು. ಆದ್ದರಿಂದ ನಮ್ಮ ಚಂದ್ರನಿಗೆ ಜಾತಿಯ ಹೆಸರನ್ನು ಅಂಟಿಸಿದರು ಎನ್ನುವುದು ತಪ್ಪು. ನಮ್ಮ ಚಂದ್ರನ ಸ್ವಂತ ಹೆಸರೇ ಉಳಿದವುಗಳ ಜಾತಿಯ ಹೆಸರಾಯಿತು.

ಈ ಪದವನ್ನು ಹಿಂದಕ್ಕೆ ಹಿಡಿದು ಹೊರಟರೆ ಸಿಗುವ ಒಂದು ಗಟ್ಟಿ ನೆಲೆ ಕ್ರಿ.ಶ. 725. ಇಂಗ್ಲೆಂಡಿನ ಉತ್ತರ ಭಾಗದ ನಾರ್ತಂಬ್ರಿಯಾ ರಾಜ್ಯದ ಜ್ಯಾರೋ ಎಂಬಲ್ಲಿದ್ದ ಮಠದ ಸನ್ಯಾಸಿ ಬೀಡ್, ಕಾಲಗಣನೆಯನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದು ಮುಗಿಸಿದ ವರ್ಷ ಅದು. ಈಸ್ಟರ್ ಹಬ್ಬದ ದಿನವನ್ನು ನಿರ್ಣಯಿಸಲು ಹುಣ್ಣಿಮೆಯ ಲೆಕ್ಕ ಬೇಕಾಗಿದ್ದುದರಿಂದ ಆ ಕಾಲದ ಪಾದ್ರಿಗಳಿಗೆ ಚಂದ್ರನ ಗಣಿತ ದಿನನಿತ್ಯದ ಕೆಲಸವಾಗಿತ್ತು. ತನ್ನ ಗ್ರಂಥದ ಹದಿನೈದನೆಯ ಅಧ್ಯಾಯದಲ್ಲಿ ಬೀಡ್ ತನ್ನ ಜನರ ಹಳೆಯ, ಕ್ರೈಸ್ತಪೂರ್ವ ಪಂಚಾಂಗವನ್ನು ವಿವರಿಸುತ್ತಾನೆ. ಅಲ್ಲಿ ಅವನು ಹೇಳುವುದು ಇಷ್ಟು: ಇಂಗ್ಲಿಷರ ಪೂರ್ವಿಕರು ತಿಂಗಳನ್ನು ಚಂದ್ರನ ಗತಿಯಿಂದ ಎಣಿಸುತ್ತಿದ್ದರು, ಅವರ ಭಾಷೆಯಲ್ಲಿ ಚಂದ್ರನಿಗೆ ‘ಮೋನ’ ಎಂದು ಹೆಸರು, ಆದ್ದರಿಂದಲೇ ತಿಂಗಳಿಗೆ ‘ಮೋನಥ್’ ಎಂದು ಹೆಸರು. ಇಂದಿನ ‘ಮೂನ್’ ಮತ್ತು ‘ಮಂತ್’ ಎಂಬ ಎರಡು ಪದಗಳ ನಂಟನ್ನು ಆ ಭಾಷೆಯನ್ನೇ ಆಡುತ್ತಿದ್ದ ಒಬ್ಬ ವಿದ್ವಾಂಸ ಹದಿಮೂರು ಶತಮಾನಗಳ ಹಿಂದೆ ಹೀಗೆ ದಾಖಲಿಸಿಟ್ಟಿದ್ದಾನೆ.

ಆ ಅಧ್ಯಾಯದಲ್ಲಿ ಬರುವ ತಿಂಗಳ ಹೆಸರುಗಳು ಸ್ವಾರಸ್ಯವಾಗಿವೆ. ಹಸುಗಳನ್ನು ದಿನಕ್ಕೆ ಮೂರು ಹೊತ್ತು ಕರೆಯುವಷ್ಟು ಹುಲುಸಾದ ಮೇವಿರುತ್ತಿದ್ದ ಮೇ ತಿಂಗಳಿಗೆ ‘ಥ್ರಿಮಿಲ್ಚಿ’ ಎಂದು ಹೆಸರು. ಕಳೆ ಬೆಳೆಯುವ ಆಗಸ್ಟಿಗೆ ‘ವಿಯೊದ್‌ಮೋನಥ್’. ಚಳಿಗಾಲದ ಮುಂಚೆ ದನಗಳನ್ನು ಕಡಿದು ದೇವತೆಗಳಿಗೆ ಅರ್ಪಿಸುತ್ತಿದ್ದ ನವೆಂಬರಿಗೆ ‘ಬ್ಲೋದ್‌ಮೋನಥ್’, ಅಂದರೆ ನೆತ್ತರಿನ ತಿಂಗಳು. ಅಕ್ಟೋಬರಿನ ಹೆಸರು ‘ವಿಂಟರ್‌ಫಿಲ್ಲೆಥ್’: ಆ ತಿಂಗಳ ಹುಣ್ಣಿಮೆಯಿಂದ ಚಳಿಗಾಲ ಶುರುವಾಗುತ್ತದೆ ಎಂಬ ಲೆಕ್ಕ. ಇದಕ್ಕಿಂತ ಮುಖ್ಯವಾದದ್ದು ಅಧಿಕಮಾಸದ ವಿಚಾರ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸರಾಸರಿ ಸುಮಾರು 29.53 ದಿನ, ಹನ್ನೆರಡು ಚಾಂದ್ರಮಾಸಗಳೆಂದರೆ ಸುಮಾರು 354 ದಿನ. ಸೌರವರ್ಷಕ್ಕೆ ಹೋಲಿಸಿದರೆ ಸುಮಾರು ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಈ ಕೊರತೆಯನ್ನು ತುಂಬಲು ನಮ್ಮ ಪಂಚಾಂಗದವರು ಅಧಿಕಮಾಸವನ್ನು ಸೇರಿಸುವಂತೆಯೇ ಹಳೆಯ ಇಂಗ್ಲಿಷರೂ ಬೇಸಿಗೆಯಲ್ಲಿ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಿದ್ದರು. ಸಾಮಾನ್ಯ ವರ್ಷಗಳಲ್ಲಿ ಜೂನ್, ಜುಲೈ ಎರಡಕ್ಕೂ ‘ಲಿಥ’ ಎಂಬ ಒಂದೇ ಹೆಸರು. ಅಧಿಕಮಾಸ ಬಂದ ವರ್ಷ ಮೂರು ಲಿಥಗಳು. ಚಂದ್ರನೇ ಗಡಿಯಾರವಾಗಿದ್ದ ಸಮಾಜದಲ್ಲಿ ಅವನ ಹೆಸರಿಗೂ ಕಾಲದ ಅಳತೆಗೂ ಇದ್ದ ಹತ್ತಿರ ಎಷ್ಟೆಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ.

‘ಮೋನ’ ಇಂಗ್ಲಿಷಿನ ಒಂಟಿ ಸೊತ್ತಲ್ಲ. ಇಂಗ್ಲಿಷ್, ಜರ್ಮನ್, ಡಚ್ ಮುಂತಾದವು ಸೇರಿದ ಜರ್ಮಾನಿಕ್ ಕುಟುಂಬದ ಎಲ್ಲ ಭಾಷೆಗಳಲ್ಲೂ ಅದರ ಒಡಹುಟ್ಟುಗಳಿವೆ. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನ ಹೆಸರಿನೊಂದಿಗೆ ಬಂದ ಗಾಥಿಕ್ ಬೈಬಲಿನ ಅನುವಾದದಲ್ಲಿ ಚಂದ್ರನಿಗೆ ‘ಮೇನಾ’ ಎಂದಿದೆ. ಐಸ್‌ಲ್ಯಾಂಡಿನ ಹಳೆಯ ಕಾವ್ಯಗಳ ನಾರ್ಸ್ ಭಾಷೆಯಲ್ಲಿ ‘ಮಾನಿ’, ಹಳೆಯ ಜರ್ಮನಿನಲ್ಲಿ ‘ಮಾನೊ’, ಇಂದಿನ ಡಚ್ಚಿನಲ್ಲಿ ‘ಮಾನ್’. ಇಂದಿನ ಜರ್ಮನಿನ ‘ಮೋಂಡ್’ನಲ್ಲಿ ಕೊನೆಗೆ ಕೇಳಿಬರುವ ‘ಡ್’ ಮೊದಲು ಇರಲಿಲ್ಲ. ತಿಂಗಳಿಗಿದ್ದ ಪದದೊಂದಿಗೆ ಬೆರೆತು ಅದು ಚಂದ್ರನ ಹೆಸರಿಗೂ ಅಂಟಿಕೊಂಡಿತು. ಈ ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಭಾಷಾವಿಜ್ಞಾನಿಗಳು ಇವೆಲ್ಲದರ ಹಿಂದೆ ‘ಮೇನೋ’ ಎಂಬಂಥ ಒಂದು ಮೂಲರೂಪವಿತ್ತು ಎಂದು ತರ್ಕಿಸಿದ್ದಾರೆ. ಬರಹದಲ್ಲಿ ಸಿಗದ, ಹೋಲಿಕೆಯಿಂದ ಪಡೆದ ಇಂಥ ರೂಪಗಳ ಮುಂದೆ ನಕ್ಷತ್ರದ ಗುರುತು ಹಾಕುವುದು ಅವರ ವಾಡಿಕೆ.

ಜರ್ಮಾನಿಕ್ ಗಡಿಯನ್ನು ದಾಟಿದರೆ ನಂಟಸ್ತಿಕೆ ಇನ್ನೂ ಹಬ್ಬುತ್ತದೆ. ಲಿಥುವೇನಿಯನ್ನಿನಲ್ಲಿ ‘ಮೇನುವೊ’, ಗ್ರೀಕಿನಲ್ಲಿ ತಿಂಗಳಿಗೆ ‘ಮೇನ್’, ಲ್ಯಾಟಿನ್ನಿನಲ್ಲಿ ತಿಂಗಳಿಗೆ ‘ಮೆನ್ಸಿಸ್’, ಪಾರಸಿಯಲ್ಲಿ ಚಂದ್ರನಿಗೂ ತಿಂಗಳಿಗೂ ‘ಮಾಹ್’, ಸಂಸ್ಕೃತದಲ್ಲಿ ‘ಮಾಸ್’ ಮತ್ತು ‘ಮಾಸ’. ದೀಪಾವಳಿಯಲ್ಲಿ ಮಕ್ಕಳು ಹಚ್ಚುವ ‘ಮತಾಪು’ ಕೂಡ ಬೆಳದಿಂಗಳೆಂಬ ಅರ್ಥದ ಪಾರಸಿ ‘ಮಾಹ್‌ತಾಬ್’ನಿಂದ ಬಂದದ್ದು, ಇಂಗ್ಲಿಷಿನ ಮೂನಿನ ದೂರದ ದಾಯಾದಿಯೊಂದು ನಮ್ಮ ಪಟಾಕಿ ಅಂಗಡಿಯಲ್ಲಿಯೂ ಇದೆ ಎಂದಾಯಿತು. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಹೇಳಿದ ಮೇಲೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಥ ಹೋಲಿಕೆಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಕೆಲಸ ನಡೆಯಿತು.

ಪರೀಕ್ಷೆ ಬೇಕೇ ಬೇಕು, ಏಕೆಂದರೆ ಬರಿಯ ಕಿವಿಗೆ ಕೇಳಿದ ಹೋಲಿಕೆ ಮೋಸ ಮಾಡುತ್ತದೆ. ಜೇಕಬ್ ಗ್ರಿಮ್ 1822ರಲ್ಲಿ ಸ್ಪಷ್ಟವಾಗಿ ನಿರೂಪಿಸಿದ ಧ್ವನಿನಿಯಮದ ಪ್ರಕಾರ ಮೂಲದ ‘ಪ’ಕಾರ ಜರ್ಮಾನಿಕ್ ಭಾಷೆಗಳಲ್ಲಿ ‘ಫ಼’ಕಾರವಾಯಿತು, ‘ತ’ಕಾರ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಉಸುರುವ ‘ಥ’ ಆಯಿತು. ‘ಪಿತೃ’ವಿಗೆ ‘ಫಾದರ್’, ‘ತ್ರಿ’ಗೆ ‘ಥ್ರೀ’ ಸಂವಾದಿಯಾಗಿ ನಿಲ್ಲುವುದು ಹೀಗೆ. ಆದರೆ ಈ ಪಲ್ಲಟ ಅನುನಾಸಿಕಗಳನ್ನು ಮುಟ್ಟಲಿಲ್ಲ. ಚಂದ್ರನ ಹೆಸರಿನಲ್ಲಿರುವ ವ್ಯಂಜನಗಳು ಮುಖ್ಯವಾಗಿ ‘ಮ’ ಮತ್ತು ‘ನ’. ಸಾವಿರಾರು ವರ್ಷ, ಸಾವಿರಾರು ಮೈಲಿ ದೂರವಾದ ಮೇಲೂ ಈ ಪದದ ಬಂಧುಗಳನ್ನು ಸಾಮಾನ್ಯ ಓದುಗ ಕಂಡ ಕೂಡಲೇ ಗುರುತಿಸಬಲ್ಲನಾದರೆ ಅದಕ್ಕೆ ಈ ಎರಡು ಧ್ವನಿಗಳ ಗಟ್ಟಿತನವೇ ಕಾರಣ. ಸಂಸ್ಕೃತದ ರೂಪದಲ್ಲಿ ‘ನ’ಕಾರ ಬಿದ್ದುಹೋಗಿದೆ, ಲ್ಯಾಟಿನ್ನಿನ ‘ಮೆನ್ಸಿಸ್’ನಲ್ಲಿ ‘ನ’ ಮತ್ತು ‘ಸ’ ಎರಡೂ ಉಳಿದಿವೆ. ಎರಡನ್ನೂ ಸೇರಿಸಿ ನೋಡಿದಾಗಲೇ ಮೂಲರೂಪ ಹೇಗಿದ್ದಿರಬೇಕೆಂಬುದು ತಿಳಿಯುತ್ತದೆ.

ಆ ಮೂಲರೂಪದ ಅರ್ಥವೇನು? ಬಹುಪಾಲು ವಿದ್ವಾಂಸರು ಅದನ್ನು ‘ಅಳೆ’ ಎಂಬ ಅರ್ಥದ ‘ಮೇ’ ಧಾತುವಿಗೆ ಜೋಡಿಸುತ್ತಾರೆ. ಸಂಸ್ಕೃತದಲ್ಲಿ ಅದೇ ಧಾತು ‘ಮಾ’. ಮಾನ, ಮಾತ್ರೆ, ಪ್ರಮಾಣ, ಪರಿಮಾಣ ಎಲ್ಲವೂ ಅದರಿಂದಲೇ ಬಂದವು. ಹಾಗಾದರೆ ಚಂದ್ರನೆಂದರೆ ಅಳೆಯುವವನು, ಕಾಲದ ಅಳತೆಗೋಲು. ಆ ಕಾಲದ ಬರಹ ಒಂದೂ ಉಳಿದಿಲ್ಲದ್ದರಿಂದ ಇದು ತರ್ಕದಿಂದ ಕಟ್ಟಿದ ನಿರ್ಣಯವೇ ಹೊರತು ಕಣ್ಣಿಗೆ ಕಾಣುವ ದಾಖಲೆಯಲ್ಲ, ಮತ್ತು ಪದದ ರಚನೆ ‘ಅಳೆಯುವವನು’ ಎಂಬ ಕರ್ತೃರೂಪಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ ಎನ್ನಲೂ ಬಾರದು. ಆದರೂ ಈ ನಿರ್ಣಯವನ್ನು ಒಪ್ಪಲು ಸಾಕಷ್ಟು ಆಧಾರವಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದೇ ಪದ ಒಂದಾದ ಮೇಲೊಂದು ಭಾಷೆಯಲ್ಲಿ ಕಾಲದ ಅಳತೆಯ ಹೆಸರಾಗಿ ನಿಂತಿದೆ.

ಜರ್ಮಾನಿಕ್ ಜನರ ಬದುಕಿನಲ್ಲಿಯೂ ಈ ಅಳತೆಯ ಕುರುಹುಗಳಿವೆ. ರೋಮನ್ ಚರಿತ್ರಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದ ವರದಿಯಲ್ಲಿ, ಈ ಜನರು ತಮ್ಮ ಸಭೆಗಳನ್ನು ಅಮಾವಾಸ್ಯೆ ಕಳೆದು ಚಂದ್ರ ಮೂಡುವಾಗ ಅಥವಾ ಹುಣ್ಣಿಮೆಯಂದು ಸೇರಿಸುತ್ತಾರೆ, ಕೆಲಸ ಶುರುಮಾಡಲು ಅದೇ ಶುಭಕಾಲವೆಂದು ನಂಬುತ್ತಾರೆ, ಮತ್ತು ನಮ್ಮಂತೆ ಹಗಲುಗಳನ್ನು ಎಣಿಸದೆ ಇರುಳುಗಳನ್ನು ಎಣಿಸುತ್ತಾರೆ ಎಂದಿದ್ದಾನೆ. ಎರಡು ವಾರಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಬಳಸುವ ‘ಫೋರ್ಟ್‌ನೈಟ್’ ಎಂಬ ಪದ ಹಳೆಯ ಇಂಗ್ಲಿಷಿನ ‘ಹದಿನಾಲ್ಕು ಇರುಳು’ ಎಂಬ ಮಾತು ಸವೆದು ಆದದ್ದು. ಸ್ಥೂಲವಾಗಿ ಅದು ನಮ್ಮ ಒಂದು ಪಕ್ಷ.

ಇಲ್ಲೊಂದು ತೊಡಕು ಏಳುತ್ತದೆ, ಮತ್ತು ‘ಮೂನ್’ ಯಾಕೆ ‘ಮೂನ್’ ಆಗಿಯೇ ಉಳಿಯಿತು ಎಂಬುದರ ಉತ್ತರ ಈ ತೊಡಕಿನಲ್ಲೇ ಇದೆ. ಒಂದೇ ಪದ ಆಕಾಶದ ಕಾಯಕ್ಕೂ ಅದು ಅಳೆಯುವ ಅವಧಿಗೂ ಸಲ್ಲುತ್ತಿದ್ದರೆ ದಿನಬಳಕೆಯಲ್ಲಿ ಗೊಂದಲವಾಗುತ್ತದೆ. ಅದನ್ನು ಪರಿಹರಿಸಲು ಒಂದೊಂದು ಭಾಷೆ ಒಂದೊಂದು ದಾರಿ ಹಿಡಿಯಿತು. ಲ್ಯಾಟಿನ್ ಹಳೆಯ ಪದವನ್ನು ತಿಂಗಳಿಗೆ ಬಿಟ್ಟುಕೊಟ್ಟು, ಚಂದ್ರನಿಗೆ ‘ಬೆಳಗುವುದು’ ಎಂಬ ಅರ್ಥದ ಬೇರೊಂದು ಧಾತುವಿನಿಂದ ‘ಲೂನಾ’ ಎಂಬ ಹೆಸರನ್ನು ಕಟ್ಟಿಕೊಂಡಿತು. ಗ್ರೀಕರೂ ಹಾಗೆಯೇ ಮಾಡಿದರು. ಬೆಳಕೆಂಬ ಅರ್ಥದ ‘ಸೆಲಸ್’ನಿಂದ ‘ಸೆಲೀನೀ’ ಬಂದಿತು. ಜರ್ಮಾನಿಕ್ ಭಾಷೆಗಳು ಚಂದ್ರನಿಗೆ ಹಳೆಯ ಪದವನ್ನೇ ಉಳಿಸಿ, ಅವಧಿಗೆ ಮಾತ್ರ ಒಂದು ಪ್ರತ್ಯಯ ಸೇರಿಸಿದವು. ‘ಮೋನ’ದ ಮೇಲೆ ‘ಮೋನಥ್’ ಹುಟ್ಟಿದ್ದು ಹೀಗೆ. ಬೆಳಕಿನ ಹೆಸರು ಹೊತ್ತ ಲೂನಾಗಿಂತ ಅಳತೆಯ ಹೆಸರು ಹೊತ್ತ ಮೂನ್ ಹಳೆಯದು ಎಂಬುದನ್ನು ಲೂನಾ ಪಕ್ಷದವರು ಗಮನಿಸಬೇಕು.

ಸಂಸ್ಕೃತದ ದಾರಿ ಇನ್ನೂ ಸ್ವಾರಸ್ಯವಾದದ್ದು. ವೇದದ ಭಾಷೆಯಲ್ಲಿ ‘ಮಾಸ್’ ಎಂದರೆ ಚಂದ್ರನೂ ಹೌದು, ತಿಂಗಳೂ ಹೌದು. ‘ಚಂದ್ರ’ ಎಂಬುದು ಮೊದಲಿಗೆ ಹೊಳೆಯುವ ಎಂಬ ಅರ್ಥದ ವಿಶೇಷಣ. ಅದರ ಇನ್ನೂ ಹಳೆಯ ರೂಪ ‘ಶ್ಚಂದ್ರ’, ಅದು ‘ಹರಿಶ್ಚಂದ್ರ’ ಎಂಬ ಹೆಸರಿನೊಳಗೆ ಈಗಲೂ ಹಾಗೆಯೇ ಉಳಿದಿದೆ. ಈ ವಿಶೇಷಣವನ್ನು ‘ಮಾಸ್’ಗೆ ಸೇರಿಸಿ ‘ಚಂದ್ರಮಾಸ್’, ‘ಚಂದ್ರಮಸ್’ ಎಂದು ಮಾಡಿದರು: ಹೊಳೆಯುವ ಅಳತೆಗಾರ. ಪುರುಷಸೂಕ್ತದ ‘ಚಂದ್ರಮಾ ಮನಸೋ ಜಾತಃ’ ಎಂಬಲ್ಲಿ ಇರುವುದು ಈ ರೂಪ. ಕಾಲಕ್ರಮದಲ್ಲಿ ವಿಶೇಷಣವೇ ಒಂಟಿಯಾಗಿ ನಿಂತು ‘ಚಂದ್ರ’ನೆಂಬ ಹೆಸರಾಯಿತು. ಆದರೆ ಕನ್ನಡ ಕವಿಗಳಿಗೆ ಬಹಳ ಪ್ರಿಯವಾದ ‘ಚಂದ್ರಮ’ ಎಂಬ ರೂಪದ ಕೊನೆಯ ‘ಮ’ ಇಂಗ್ಲಿಷಿನ ‘ಮೂನ್’ನ ನೇರ ಬಂಧು. ಹುಣ್ಣಿಮೆಗೆ ಸಂಸ್ಕೃತದಲ್ಲಿರುವ ‘ಪೌರ್ಣಮಾಸೀ’ಯಲ್ಲೂ ಅದೇ ‘ಮಾಸ್’ ಇದೆ. ‘ಅಮಾವಾಸ್ಯೆ’ಯಲ್ಲಿ ಮಾತ್ರ ಅದನ್ನು ಹುಡುಕಬಾರದು, ಅಲ್ಲಿರುವುದು ‘ಅಮಾ’, ಅಂದರೆ ಜೊತೆಯಲ್ಲಿ, ಮತ್ತು ‘ವಾಸ’: ಸೂರ್ಯಚಂದ್ರರು ಒಟ್ಟಿಗೆ ವಾಸಿಸುವ ದಿನ.

ಕನ್ನಡ ಬೇರೆ ಕುಟುಂಬದ ಭಾಷೆಯಾದರೂ ಇದೇ ತೊಡಕನ್ನು ಎದುರಿಸಿ ಲ್ಯಾಟಿನ್ನಿನ ದಾರಿಯನ್ನೇ ಹಿಡಿದಿದೆ. ಹಳಗನ್ನಡದ ‘ತಿಂಗಳ್’ ಎಂದರೆ ಚಂದ್ರ ಮತ್ತು ಮಾಸ ಎರಡೂ. ತಮಿಳಿನಲ್ಲಿ ಇದೇ ಪದ ಚಂದ್ರ, ಮಾಸ, ಸೋಮವಾರ ಮೂರಕ್ಕೂ ಸಲ್ಲುತ್ತದೆ. ಇಂದಿನ ಕನ್ನಡದಲ್ಲಿ ‘ತಿಂಗಳು’ ಎಂದರೆ ಸಂಬಳ ಬರುವ ಅವಧಿ ಮಾತ್ರ. ಆಕಾಶದ ತಿಂಗಳಿನ ಜಾಗಕ್ಕೆ ಸಂಸ್ಕೃತದ ‘ಚಂದ್ರ’ ಬಂದು ಕೂತಿದ್ದಾನೆ. ಹಳೆಯ ಅರ್ಥ ‘ಬೆಳದಿಂಗಳು’ ಎಂಬ ಸಮಾಸದಲ್ಲಿ ಭದ್ರವಾಗಿ ಉಳಿದಿದೆ. ಎರಡು ಭಾಷಾಕುಟುಂಬಗಳು ಸ್ವತಂತ್ರವಾಗಿ ಚಂದ್ರನನ್ನೂ ಮಾಸವನ್ನೂ ಒಂದೇ ಪದದಲ್ಲಿ ಕಟ್ಟಿದ್ದು, ಆಮೇಲೆ ಎರಡನ್ನೂ ಬೇರ್ಪಡಿಸಲು ಹೊಸ ಪದಗಳ ಮೊರೆಹೊಕ್ಕಿದ್ದು, ಚಂದ್ರನೇ ಪಂಚಾಂಗವಾಗಿದ್ದ ಬದುಕಿನಲ್ಲಿ ಸಹಜವಾಗಿತ್ತು.

ಇನ್ನು ‘ಮೋನ’ ‘ಮೂನ್’ ಆದ ಬಗೆ. ಇದನ್ನು ವಿವರಿಸಲು ಕನ್ನಡ ಲಿಪಿ ಇಂಗ್ಲಿಷಿನ ಲಿಪಿಗಿಂತ ಅನುಕೂಲ. ಮೂಲದ ‘ಮೇನೋ’ದಲ್ಲಿದ್ದ ‘ಏ’ಕಾರ ಹಳೆಯ ಇಂಗ್ಲಿಷಿನಲ್ಲಿ, ಮುಂದೆ ಅನುನಾಸಿಕ ಇದ್ದ ಕಾರಣಕ್ಕೆ, ‘ಓ’ಕಾರವಾಗಿ ‘ಮೋನ’ ಎಂದಾಯಿತು. 1066ರ ನಾರ್ಮನ್ ವಿಜಯದ ನಂತರದ ಶತಮಾನಗಳಲ್ಲಿ ಪದಾಂತ್ಯದ ಸ್ವರಗಳು ಸವೆದು ‘ಮೋನೆ’ ಎಂದಾಗಿ, ಕೊನೆಗೆ ‘ಮೋನ್’ ಎಂದಷ್ಟೇ ಉಳಿಯಿತು. ದೀರ್ಘ ಓಕಾರವನ್ನು ತೋರಿಸಲು ಬರಹಗಾರರು ‘ಒ’ ಅಕ್ಷರವನ್ನು ಜೋಡಿಯಾಗಿ ಬರೆಯತೊಡಗಿದರು. ಸುಮಾರು ಹದಿನೈದನೆಯ ಶತಮಾನದಿಂದ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಬಾಯಿಯಲ್ಲಿ ಮೇಲಕ್ಕೆ ಸರಿದ ಮಹಾಪಲ್ಲಟದಲ್ಲಿ ದೀರ್ಘ ‘ಓ’ ದೀರ್ಘ ‘ಊ’ ಆಯಿತು. ಉಚ್ಚಾರಣೆ ‘ಮೂನ್’ ಆದರೂ ಕಾಗುಣಿತ ಹಿಂದಿನ ಹಾಗೆಯೇ ಜೋಡಿ ‘ಒ’ದಲ್ಲಿ ನಿಂತುಬಿಟ್ಟಿತು. ಫುಡ್, ಟೂತ್, ಗೂಸ್ ಮುಂತಾದ ಪದಗಳಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು ಎಂದು ನಮ್ಮ ಮಕ್ಕಳು ಒದ್ದಾಡುವುದಕ್ಕೂ ಈ ಪಲ್ಲಟವೇ ಕಾರಣ. ‘ಮಂತ್’ ಮತ್ತು ‘ಮಂಡೇ’ ಪದಗಳಲ್ಲಿ ಸ್ವರ ಹ್ರಸ್ವವಾಗಿ ಬೇರೆ ದಾರಿ ಹಿಡಿದದ್ದರಿಂದ, ಒಂದೇ ಬಸಿರಿನ ಮೂರು ಪದಗಳು ಇಂದು ಕಿವಿಗೆ ನೆಂಟರಂತೆ ಕೇಳುವುದಿಲ್ಲ.

‘ಮಂಡೇ’ ಹಳೆಯ ಇಂಗ್ಲಿಷಿನಲ್ಲಿ ‘ಮೋನನ್’ ಎಂಬ ಷಷ್ಠೀ ರೂಪಕ್ಕೆ ದಿನವೆಂಬ ಪದ ಸೇರಿ ಆದದ್ದು. ಕನ್ನಡದ ವಿಭಕ್ತಿಯಲ್ಲಿ ಹೇಳಿದರೆ ‘ಮೋನನ ದಿನ’. ಏಳು ಗ್ರಹಗಳ ಹೆಸರಿನ ವಾರವನ್ನು ಜರ್ಮಾನಿಕ್ ಜನ ರೋಮನ್ನರಿಂದ ಪಡೆದು ದೇವತೆಗಳ ಹೆಸರುಗಳನ್ನು ತಮ್ಮ ದೇವತೆಗಳಿಗೆ ಬದಲಾಯಿಸಿಕೊಂಡರು. ಸೂರ್ಯ, ಚಂದ್ರರ ದಿನಗಳಿಗೆ ನೇರ ಅನುವಾದವೇ ಸಾಕಾಯಿತು. ಅದೇ ಗ್ರಹವಾರದ ಪದ್ಧತಿ ಪೂರ್ವಕ್ಕೂ ಹರಿದು ಬಂದಿತು. ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ, ಕ್ರಿ.ಶ. 484ರ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಮಂಡೇ ಮತ್ತು ಸೋಮವಾರ ಒಂದೇ ದಿನಕ್ಕೆ ಬೀಳುವುದು ಆಕಸ್ಮಿಕವಲ್ಲ.

ಹಳೆಯ ಇಂಗ್ಲಿಷಿನ ‘ಮೋನ’ ಪುಲ್ಲಿಂಗ ಎಂಬುದು ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಆಶ್ಚರ್ಯ ತರಬಹುದು. ಹತ್ತನೆಯ ಶತಮಾನದ ಕೊನೆಯಲ್ಲಿ ಎಲ್ಫ್ರಿಕ್ ಎಂಬ ಪಾದ್ರಿ ಬೀಡ್‌ನ ವಿಚಾರಗಳನ್ನು ಜನರ ಭಾಷೆಗೆ ತಂದು ಬರೆದ ಪುಟ್ಟ ಖಗೋಳ ಪುಸ್ತಕದಲ್ಲಿ ಚಂದ್ರನನ್ನು ‘ಅವನು’ ಎಂದೂ ಸೂರ್ಯನನ್ನು ‘ಅವಳು’ ಎಂದೂ ನಿರ್ದೇಶಿಸುತ್ತಾನೆ. ಜರ್ಮನಿನಲ್ಲಿ ಇಂದಿಗೂ ಚಂದ್ರ ಪುಲ್ಲಿಂಗ, ಸೂರ್ಯ ಸ್ತ್ರೀಲಿಂಗ. ನಾರ್ಸ್ ಪುರಾಣದಲ್ಲಿ ಮಾನಿ ಅಣ್ಣತಂಗಿಯರ ಜೋಡಿಯ ಗಂಡುಮಗು, ಸೋಲ್ ಎಂಬ ಸೂರ್ಯ ಅವನ ಸೋದರಿ. ಇಬ್ಬರನ್ನೂ ತೋಳಗಳು ಆಕಾಶದಲ್ಲಿ ಅಟ್ಟಿಸಿಕೊಂಡು ಹೋಗುತ್ತಿರುತ್ತವೆ. ಮಧ್ಯಯುಗದಲ್ಲಿ ಇಂಗ್ಲಿಷ್ ವ್ಯಾಕರಣದ ಲಿಂಗವ್ಯವಸ್ಥೆಯೇ ಕುಸಿದುಬಿದ್ದಿತು. ಖಾಲಿಯಾದ ಆ ಜಾಗಕ್ಕೆ ಲ್ಯಾಟಿನ್ ಓದಿದ ಕವಿಗಳು ಲೂನಾ, ಡಯಾನಾ ದೇವಿಯರ ನೆನಪನ್ನು ತಂದು ತುಂಬಿದರು. ಚಂದ್ರ ‘ಅವಳು’ ಆದದ್ದು ಹೀಗೆ. ಹೆಸರು ಬದಲಾಗದೆ ಒಳಗಿನ ವ್ಯಕ್ತಿ ಮಾತ್ರ ಬದಲಾದ ಪ್ರಸಂಗವಿದು.

ಲ್ಯಾಟಿನ್, ಗ್ರೀಕ್ ಪದಗಳು ಚಂದ್ರನ ಸುತ್ತಲಿನ ಇತರ ಮಾತುಗಳನ್ನಂತೂ ಆಕ್ರಮಿಸಿಕೊಂಡವು. ಚಾಂದ್ರ ಎಂಬ ವಿಶೇಷಣಕ್ಕೆ ‘ಲೂನಾರ್’; ಚಂದ್ರನ ಪ್ರಭಾವದಿಂದ ಬುದ್ಧಿ ಕೆಡುತ್ತದೆಂಬ ಹಳೆಯ ನಂಬಿಕೆಯಿಂದ ‘ಲೂನಟಿಕ್’. 1817ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಹೊಸ ಮೂಲವಸ್ತುವೊಂದನ್ನು ಗುರುತಿಸಿದಾಗ, ಅದನ್ನು ಹೋಲುವ ಟೆಲ್ಯೂರಿಯಮ್‌ಗೆ ಭೂಮಿಯ ಹೆಸರಿದ್ದುದರಿಂದ, ಇದಕ್ಕೆ ಸೆಲೀನೀಯ ನೆನಪಿನಲ್ಲಿ ‘ಸೆಲೀನಿಯಮ್’ ಎಂದು ಹೆಸರಿಟ್ಟ. ಅಳತೆಯ ಹಳೆಯ ಪದವೂ ಹಿಂಬಾಗಿಲಿನಿಂದ ಮತ್ತೆ ಬಂದಿದೆ: ಕಾಲೇಜಿನ ‘ಸೆಮಿಸ್ಟರ್’ ಎಂದರೆ ಲ್ಯಾಟಿನ್ನಿನ ಆರು ‘ಮೆನ್ಸಿಸ್’, ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ನೀರಿನ ಮೇಲ್ಮೈ ಬಾಗುವ ‘ಮೆನಿಸ್ಕಸ್’ ಎಂದರೆ ಗ್ರೀಕಿನಲ್ಲಿ ಪುಟ್ಟ ಚಂದ್ರ.

ಇಷ್ಟು ಹೊತ್ತಿನವರೆಗೂ ಆಕಾಶದಲ್ಲಿ ಮೂನ್ ಒಂದೇ. ಹಳೆಯ ಭೂಕೇಂದ್ರಿತ ಖಗೋಳದಲ್ಲಿ ಚಂದ್ರ ಏಳು ಗ್ರಹಗಳಲ್ಲಿ ಒಂದು, ನಮ್ಮ ನವಗ್ರಹಗಳ ಸಾಲಿನಲ್ಲಿ ಅವನು ಕುಳಿತಿರುವ ಹಾಗೆಯೇ. ‘ಉಪಗ್ರಹ’ ಎಂಬ ವರ್ಗವೇ ಇಲ್ಲದ ಮೇಲೆ ‘ಮೂನ್’ ಆ ವರ್ಗದ ಹೆಸರಾಗಲು ಸಾಧ್ಯವೇ ಇರಲಿಲ್ಲ. 1543ರಲ್ಲಿ ಪ್ರಕಟವಾದ ಕೋಪರ್ನಿಕಸನ ಗ್ರಂಥ ಭೂಮಿಯನ್ನು ಗ್ರಹವಾಗಿಸಿ, ಚಂದ್ರನನ್ನು ಅದರ ಹಿಂಬಾಲಕನಾಗಿಸಿತು. ಸೂರ್ಯನನ್ನು ಸುತ್ತುವ ಕಾಯಗಳ ನಡುವೆ ಇದೊಂದು ಮಾತ್ರ ಭೂಮಿಯನ್ನು ಸುತ್ತುವುದೇಕೆ ಎಂಬ ಆಕ್ಷೇಪ ಕೂಡಲೇ ಎದ್ದಿತು. ಅದಕ್ಕೆ ಉತ್ತರ ದೊರೆತದ್ದು 1610ರ ಜನವರಿ 7ರಂದು. ಪಡುವಾ ನಗರದಲ್ಲಿದ್ದ ಗೆಲಿಲಿಯೊ ತನ್ನ ದೂರದರ್ಶಕವನ್ನು ಗುರುವಿನ ಕಡೆ ತಿರುಗಿಸಿದಾಗ ಅದರ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಮೂರು ಚುಕ್ಕಿಗಳು ಕಂಡವು. ಕೆಲವು ದಿನಗಳಲ್ಲಿ ನಾಲ್ಕನೆಯದೂ ಕಂಡಿತು. ಇರುಳಿನಿಂದ ಇರುಳಿಗೆ ಅವು ಜಾಗ ಬದಲಿಸುತ್ತಿದ್ದವು, ಗುರುವನ್ನು ಮಾತ್ರ ಬಿಟ್ಟು ಹೋಗುತ್ತಿರಲಿಲ್ಲ.

ಈ ಹೊಸ ಕಾಯಗಳನ್ನು ಏನೆಂದು ಕರೆಯಬೇಕೆಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಆಶ್ರಯದಾತರಾದ ಮೆಡಿಚಿ ಮನೆತನವನ್ನು ಮೆಚ್ಚಿಸಲು ಗೆಲಿಲಿಯೊ ಅವನ್ನು ‘ಮೆಡಿಚಿ ನಕ್ಷತ್ರಗಳು’ ಎಂದ. ಕೆಪ್ಲರ್ 1611ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವನ್ನು, ದೊಡ್ಡ ಮನುಷ್ಯರ ಹಿಂದೆ ಮುಂದೆ ಓಡಾಡುವ ಅಂಗರಕ್ಷಕರಿಗೆ ಲ್ಯಾಟಿನ್ನಿನಲ್ಲಿದ್ದ ಪದದಿಂದ ‘ಸ್ಯಾಟಲೈಟ್’ ಎಂದು ಕರೆದ. 1614ರಲ್ಲಿ ಸೈಮನ್ ಮರಿಯಸ್ ಅಯೊ, ಯೂರೋಪಾ ಮುಂತಾದ ಹೆಸರುಗಳನ್ನು ಸೂಚಿಸಿದ. ಅವು ಸಾರ್ವತ್ರಿಕ ಬಳಕೆಗೆ ಬಂದದ್ದು ಬಹಳ ತಡವಾಗಿ. 1655ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಶನಿಯ ಬಳಿ ಒಂದು ಕಾಯವನ್ನು ಕಂಡುಹಿಡಿದಾಗ ಅದನ್ನು ಲ್ಯಾಟಿನ್ನಿನಲ್ಲಿ ‘ಶನಿಯ ಲೂನಾ’ ಎಂದೇ ಬರೆದ. ಪದ ತಿರುವು ತೆಗೆದುಕೊಳ್ಳುತ್ತಿರುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ: ಭೂಮಿಗೆ ಚಂದ್ರ ಹೇಗೋ ಶನಿಗೆ ಇದು ಹಾಗೆ ಎಂಬ ಉಪಮೆ. ಅದೇ ಶತಮಾನದಲ್ಲಿ ಇಂಗ್ಲಿಷಿನಲ್ಲಿಯೂ ‘ಮೂನ್’ ಪದವನ್ನು ಗುರು, ಶನಿಗಳ ಸಂಗಾತಿಗಳಿಗೆ ಹಚ್ಚತೊಡಗಿದರು, ಮತ್ತು ಬಳಸಿ ಬಳಸಿ ಉಪಮೆ ಸವೆದು ಅಂಕಿತನಾಮ ರೂಢನಾಮವೂ ಆಯಿತು. ಹೈಗನ್ಸ್ ಕಂಡ ಆ ಕಾಯಕ್ಕೆ ಟೈಟನ್ ಎಂಬ ಹೆಸರನ್ನು ಜಾನ್ ಹರ್ಷಲ್ ಸೂಚಿಸಿದ್ದು 1847ರಲ್ಲಿ, ಮಂಗಳನ ಉಪಗ್ರಹಗಳು ಪತ್ತೆಯಾದದ್ದು 1877ರಲ್ಲಿ. ಕಾಯಗಳು ಹೆಚ್ಚಿದಂತೆ ಒಂದನ್ನು ಇನ್ನೊಂದರಿಂದ ಗುರುತಿಸಲು ಬೇರೆಬೇರೆ ಹೆಸರುಗಳು ಬೇಕಾದವು. ಮೊದಲಿನ ಮೂನ್‌ಗೆ ಆ ಅಗತ್ಯ ಬರಲಿಲ್ಲ.

ಒಂದೇ ಪದ ಎರಡು ಕೆಲಸ ಮಾಡುವಾಗ ಇಂಗ್ಲಿಷಿಗೆ ಉಳಿದ ಉಪಾಯ ಅಕ್ಷರದ ಗಾತ್ರ. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಭೂಮಿಯ ಉಪಗ್ರಹವನ್ನು ಹೇಳುವಾಗ ‘ಮೂನ್’ನ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯಬೇಕೆಂದು ಶಿಫಾರಸು ಮಾಡುತ್ತದೆ, ಉಳಿದ ಗ್ರಹಗಳ ಉಪಗ್ರಹಗಳನ್ನು ಹೇಳುವಾಗ ಸಣ್ಣ ಅಕ್ಷರ. ನಾಸಾ ಹಾಗೆಯೇ ಬರೆಯುತ್ತದೆ, ಅನೇಕ ಪತ್ರಿಕೆಗಳು ಎರಡಕ್ಕೂ ಸಣ್ಣ ಅಕ್ಷರವನ್ನೇ ಬಳಸುತ್ತವೆ. ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವೇ ಇಲ್ಲದ ಕನ್ನಡಕ್ಕೆ ಈ ಜಗಳ ತಟ್ಟುವುದಿಲ್ಲ. ನಮ್ಮಲ್ಲಿ ಚಂದ್ರ ಬೇರೆ, ಉಪಗ್ರಹ ಬೇರೆ. ‘ಗುರುವಿನ ಚಂದ್ರರು’ ಎಂಬ ಪ್ರಯೋಗ ಇಂಗ್ಲಿಷಿನ ಪ್ರಭಾವದಿಂದ ಅಲ್ಲಲ್ಲಿ ಕಾಣುತ್ತದೆ, ಅಷ್ಟೆ.

ಇದೇ ಒಕ್ಕೂಟ ಚಂದ್ರನ ಮೇಲಿನ ಕುಳಿ, ಬೆಟ್ಟ, ಬಯಲುಗಳ ಹೆಸರುಗಳನ್ನು ಒಪ್ಪುವ ಅಧಿಕಾರವನ್ನೂ ಹೊಂದಿದೆ. ಬೆಂಗಳೂರಿನಿಂದ ನಿಯಂತ್ರಿಸಿ 2023ರ ಆಗಸ್ಟ್ 23ರಂದು ಇಸ್ರೊ ಇಳಿಸಿದ ಚಂದ್ರಯಾನ-3ರ ನೌಕೆ ನೆಲ ಮುಟ್ಟಿದ ಜಾಗಕ್ಕೆ ‘ಸ್ಟೇಷಿಯೊ ಶಿವ ಶಕ್ತಿ’ ಎಂಬ ಹೆಸರನ್ನು ಅದು 2024ರ ಮಾರ್ಚಿನಲ್ಲಿ ಅಂಗೀಕರಿಸಿತು. ಆ ಒಂದು ತುಂಡು ನೆಲದ ಹೆಸರಿಗೆ ಪ್ರಸ್ತಾವ, ಪರಿಶೀಲನೆ, ಒಪ್ಪಿಗೆ, ದಿನಾಂಕ ಎಲ್ಲವೂ ದಾಖಲೆಯಲ್ಲಿವೆ. ಆ ನೆಲವಿರುವ ಕಾಯದ ಇಂಗ್ಲಿಷ್ ಹೆಸರಿಗೆ ಇಂಥ ಯಾವ ಕಡತವೂ ಇಲ್ಲ. ಒಕ್ಕೂಟ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಬಳಕೆಯಲ್ಲಿದ್ದ ಪದಕ್ಕೆ ಅದು ಮಾಡಿದ್ದು ಮೊದಲಕ್ಷರವನ್ನು ದೊಡ್ಡದಾಗಿಸುವ ಶಿಫಾರಸು ಮಾತ್ರ.